ಓಡುವ ಅಕ್ಷರಗಳು

ಅಕ್ಷರವೆಂದರೆ ನಾಶವಿಲ್ಲದ್ದು ಎಂಬ ಅರ್ಥ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಆದರೆ ಸಂಸ್ಕೃತದ ‘ಕ್ಷರ್’ ಧಾತುವಿಗೆ ಹರಿ, ಸೋರು, ಜಾರು ಎಂಬ ಅರ್ಥಗಳೂ ಉಂಟು. ಆ ಬಗೆಯಿಂದ ನೋಡಿದರೆ ಹರಿದುಹೋಗದೆ ನಿಂತದ್ದು ಯಾವುದೋ ಅದು ಅಕ್ಷರ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಹೇಳಿಕೊಂಡು ಬಂದವನು ನಾನು. ಹಾಗೆ ಹೇಳುತ್ತಿದ್ದ ದಿನಗಳಲ್ಲಿಯೇ ಅಕ್ಷರಗಳನ್ನು ಓಡಿಸುವ ಕೆಲಸಕ್ಕೂ ಒಮ್ಮೆ ಕೈಹಾಕಿದೆ. ಕಂಪ್ಯೂಟರಿನ ತೆರೆಯ ಮೇಲೆ ಬಲದಿಂದ ಎಡಕ್ಕೆ ಸರಿದುಹೋಗುವ ಬರಹದ ಸಾಲನ್ನು ನೀವೆಲ್ಲ ಕಂಡಿದ್ದೀರಿ. ಅದರ ಚರಿತ್ರೆಯನ್ನೂ ಅದರೊಳಗೆ ಸೇರಿಕೊಂಡಿರುವ ನನ್ನದೊಂದು ತಪ್ಪಿನ ಕಥೆಯನ್ನೂ ಇಂದು ಹೇಳಬೇಕೆಂದಿದ್ದೇನೆ.

ಓಡುವ ಬೆಳಕನ್ನು ನಾನು ಮೊದಲು ಕಂಡದ್ದು ಮಡಿಕೇರಿಯ ದಸರೆಯಲ್ಲಿ. ನಮ್ಮ ಊರಿನ ದಸರೆಯ ವೈಭವವೆಲ್ಲ ವಿಜಯದಶಮಿಯ ರಾತ್ರಿಗೆ ಸೇರಿದ್ದು. ದೇವಾಲಯಗಳಿಂದ ಹೊರಟ ಮಂಟಪಗಳು ಬೆಳಗಾಗುವ ತನಕ ಬೀದಿಯಲ್ಲಿರುತ್ತವೆ. ಇಂದು ಅವುಗಳ ಸಂಖ್ಯೆ ಹತ್ತು. ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ ಮಂಟಪವೊಂದರ ನೆತ್ತಿಯಲ್ಲಿ ದೇವರ ಹೆಸರಿನ ಸುತ್ತ ಬಣ್ಣದ ಬಲ್ಬುಗಳು ಒಂದರ ಬೆನ್ನಿಗೊಂದು ಓಡುತ್ತಿದ್ದುದನ್ನು ಕಂಡೆ. ಅವು ಕೊನೆಗೆ ಎಲ್ಲಿ ಹೋಗಿ ಬೀಳುತ್ತವೆ ಎಂದು ನೋಡುವ ಆಸೆಯಿಂದ ಹಿಂಬದಿಗೆ ಹೋದರೆ, ಅಲ್ಲಿ ಒಬ್ಬ ಮುದುಕ ಮರದ ಉರುಳೆಯೊಂದನ್ನು ತಿರುಗಿಸುತ್ತ ಕುಳಿತಿದ್ದ. ಉರುಳೆಗೆ ತಾಮ್ರದ ಪಟ್ಟಿಗಳು. ಪಟ್ಟಿ ತಂತಿಗೆ ತಗುಲಿದಾಗ ಬಲ್ಬು ಹೊತ್ತುತ್ತಿತ್ತು, ಸರಿದಾಗ ಆರುತ್ತಿತ್ತು. “ಬಲ್ಬು ಓಡೋದಿಲ್ಲ ಮಗಾ, ನಿನ್ನ ಕಣ್ಣು ಓಡ್ತದೆ” ಎಂದ ಆ ಮುದುಕ.

ಇದೇ ಮಾತನ್ನು ಮ್ಯಾಕ್ಸ್ ವರ್ತೈಮರ್ ಎಂಬ ಮನಶ್ಶಾಸ್ತ್ರಜ್ಞರು 1912ರಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದರೆಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಪಕ್ಕಪಕ್ಕದ ಎರಡು ಬೆಳಕುಗಳು ತಕ್ಕ ಅಂತರದಲ್ಲಿ ಒಂದಾದ ಮೇಲೊಂದು ಹೊತ್ತಿದರೆ, ಒಂದೇ ಬೆಳಕು ಅಲ್ಲಿಂದ ಇಲ್ಲಿಗೆ ಬಂದಂತೆ ನಮಗೆ ಕಾಣುತ್ತದೆ. ಅಕ್ಷರಗಳನ್ನು ಓಡಿಸಿದವರೆಲ್ಲರೂ ಬಂಡವಾಳ ಮಾಡಿಕೊಂಡದ್ದು ಕಣ್ಣಿನ ಈ ಭ್ರಮೆಯನ್ನೇ. 1928ರ ನವೆಂಬರ್ 6ರಂದು, ಅಮೆರಿಕದ ಅಧ್ಯಕ್ಷರ ಚುನಾವಣೆಯ ರಾತ್ರಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಕಟ್ಟಡವೊಂದರ ಸುತ್ತ ಸುದ್ದಿಯ ಸಾಲೊಂದು ಓಡಿತು. ಅದಕ್ಕೆ 14,800 ಬಲ್ಬುಗಳು ಬೇಕಾಗಿದ್ದವು. ಅಕ್ಷರದ ಅಚ್ಚುಗಳು ಸರಪಳಿಯ ಮೇಲೆ ಸಾಗುತ್ತ ವಿದ್ಯುತ್ತಿನ ತುದಿಗಳನ್ನು ಮುಟ್ಟಿದಂತೆ ಬಲ್ಬುಗಳು ಹೊತ್ತುತ್ತಿದ್ದವು. ಹರ್ಬರ್ಟ್ ಹೂವರ್ ಗೆದ್ದರೆಂಬುದನ್ನು ಜನ ಬೀದಿಯಲ್ಲಿ ತಲೆಯೆತ್ತಿ ನಿಂತು ಓದಿದರು. ನಮ್ಮ ಮುದುಕನ ಉರುಳೆಯೂ ಆ ಸರಪಳಿಯೂ ಒಂದೇ ಕುಲದವು.

ಆ ರಾತ್ರಿ ಒಂದು ಹಳೆಯ ಕ್ರಮ ತಲೆಕೆಳಗಾಯಿತೆಂದು ನನಗೆ ತೋರುತ್ತದೆ. ಶಾಸನದ ಕಲ್ಲು ನಿಂತಲ್ಲಿಯೇ ಇರುತ್ತದೆ. ಓದುವವನು ಅದರ ಬಳಿಗೆ ಹೋಗುತ್ತಾನೆ, ತಿಳಿಯದಿದ್ದರೆ ಮತ್ತೆ ಹೋಗುತ್ತಾನೆ. ತಾಳೆಗರಿಯನ್ನು ಮಗುಚುವುದೂ ಓದುಗನ ಬೆರಳೇ. ಇಲ್ಲಿಯಾದರೋ ಓದುಗ ನಿಂತ, ಅಕ್ಷರ ನಡೆಯಿತು. ಓದಿನ ವೇಗ ಓದುಗನ ಕೈಯಿಂದ ತಪ್ಪಿ, ಉರುಳೆ ತಿರುಗಿಸುವವನ ಕೈಗೆ ಸೇರಿತು.

ಕಂಪ್ಯೂಟರಿನ ಜಾಲಪುಟಗಳಿಗೆ ಈ ಆಟ ಬಂದದ್ದು 1990ರ ದಶಕದ ನಡುವೆ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಸಂಸ್ಥೆ ಜಾಲಪುಟಗಳನ್ನು ತೆರೆದು ತೋರಿಸುವ ತನ್ನ ತಂತ್ರಾಂಶವನ್ನು ಹೊರತಂದಿತು. ‘ಬ್ಲಿಂಕ್’ ಎಂಬ ಗುರುತಿನ ನಡುವೆ ಬರೆದ ಮಾತು ಅದರಲ್ಲಿ ಮಿಂಚುಹುಳದಂತೆ ಹೊತ್ತಿ ಆರುತ್ತಿತ್ತು. ಆ ಸಂಸ್ಥೆಯ ಲೂ ಮೊಂಟುಲ್ಲಿ ಎಂಬುವರು ಸಂಜೆಯ ಗೋಷ್ಠಿಯಲ್ಲಿ ತಮಾಷೆಗೆ ಆಡಿದ ಮಾತನ್ನು ಜೊತೆಗಾರರೊಬ್ಬರು ರಾತ್ರೋರಾತ್ರಿ ನಿಜಮಾಡಿಬಿಟ್ಟರಂತೆ. ಮರುವರ್ಷ, 1995ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಎಕ್ಸ್‌ಪ್ಲೋರರಿನ ಎರಡನೆಯ ಆವೃತ್ತಿಯಲ್ಲಿ ‘ಮಾರ್ಕೀ’ ಎಂಬ ಗುರುತನ್ನು ತಂದಿತು. ನಾಟಕಶಾಲೆಯ ಬಾಗಿಲ ಮೇಲೆ ಆಟದ ಹೆಸರನ್ನು ದೀಪಗಳಿಂದ ಬರೆದ ಚಾವಣಿಗೆ ಇಂಗ್ಲಿಷಿನಲ್ಲಿ ಆ ಹೆಸರುಂಟು. ಆ ಗುರುತಿನ ನಡುವೆ ಬರೆದದ್ದು ತಾನಾಗಿ ಓಡುತ್ತದೆ. ಬೇರೆ ಅಪ್ಪಣೆ ಕೊಡದಿದ್ದರೆ ಒಂದು ಸೆಕೆಂಡಿನ ಸಾವಿರದಲ್ಲಿ 85 ಪಾಲಿಗೊಮ್ಮೆ ಆರು ಚುಕ್ಕಿಗಳಷ್ಟು ಎಡಕ್ಕೆ ಸರಿಯುತ್ತದೆ. 640 ಚುಕ್ಕಿ ಅಗಲದ ಅಂದಿನ ತೆರೆಯನ್ನು ಒಂದು ಅಕ್ಷರ ದಾಟಲು ಸುಮಾರು 9 ಸೆಕೆಂಡು. ಅದರ ಆಯುಸ್ಸು ಅಷ್ಟೇ.

ಇದೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡಕ್ಕೆ ಓಡುವುದು ಹಾಗಿರಲಿ, ನಿಲ್ಲಲೂ ಜಾಗವಿರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು, ನಿಜ. ಆದರೆ ಮನೆ ಮನೆಯ ಕಂಪ್ಯೂಟರಿಗೆ ಆ ಸೌಲಭ್ಯ ಇಳಿಯತೊಡಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಆ ನಡುವಿನ ಹತ್ತು ವರ್ಷ ಕನ್ನಡಿಗರು ತಮ್ಮ ದಾರಿಯನ್ನು ತಾವೇ ಕಡಿದುಕೊಂಡರು. ಡಾ. ಯು. ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ತಂದರು; 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಆದರೂ ಓದುವವರ ಕಂಪ್ಯೂಟರಿನಲ್ಲಿ ಅದೇ ಲಿಪಿ ಇರದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಆದಕಾರಣ ಅನೇಕರು ಕನ್ನಡದ ಮಾತನ್ನು ಚಿತ್ರವಾಗಿ ಮಾಡಿ ಕಳುಹಿಸುತ್ತಿದ್ದರು. ಕಣ್ಣಿಗೆ ಅದು ಬರಹ. ಯಂತ್ರಕ್ಕೆ ಮಾತ್ರ ಹೂವಿನ ಚಿತ್ರವೂ ಒಂದೇ, ‘ಕನ್ನಡ’ ಎಂಬ ಮಾತೂ ಒಂದೇ. ಹುಡುಕಿದರೆ ಸಿಗದು, ಕುರುಡರಿಗೆ ಓದಿ ಹೇಳುವ ಯಂತ್ರಕ್ಕೂ ದಕ್ಕದು.

2002ರಲ್ಲಿ ನಾನಿದ್ದ ಕಾಲೇಜಿಗೆ ಒಂದು ಜಾಲಪುಟವಾಯಿತು. ಕನ್ನಡ ವಿಭಾಗದವನೆಂದು ನನ್ನ ಮಾತನ್ನೂ ಕೇಳಿದರು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಯಾವ ಯಾವ ಕಾಗದ ತರಬೇಕು ಎಂಬ ಪ್ರಕಟಣೆಯನ್ನು ನಾನೇ ಬರೆದುಕೊಟ್ಟೆ. ಇಂಗ್ಲಿಷಿನ ಪ್ರಕಟಣೆ ಓಡುತ್ತಿತ್ತು. ಕನ್ನಡವೂ ಓಡಲೇಬೇಕೆಂದು ಹಟ ಹಿಡಿದವನು ನಾನೇ. ಪುಟ ಮಾಡುತ್ತಿದ್ದ ವಿದ್ಯಾರ್ಥಿ ನನ್ನ ಸಾಲನ್ನು ಚಿತ್ರ ಮಾಡಿ ಮಾರ್ಕೀಯೊಳಗೆ ಕೂರಿಸಿದ. ಒತ್ತಕ್ಷರಗಳು ತುಂಡಾಗದೆ ಸರಿದುಹೋಗುವುದನ್ನು ಕಂಡು ದಸರೆಯ ಮಂಟಪವನ್ನು ಕಂಡ ಹುಡುಗನಂತೆಯೇ ಹಿಗ್ಗಿದೆ.

ಕೆಲವು ದಿನಗಳ ಮೇಲೆ ಪೇಟೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಕಾಫಿ ತೋಟದ ಕೆಲಸಗಾರರೊಬ್ಬರು ಮಗಳೊಡನೆ ನಮ್ಮ ಪುಟದ ಮುಂದೆ ಕುಳಿತಿದ್ದರು. ಕೈಯಲ್ಲೊಂದು ಚೀಟಿ, ಒಂದು ಪೆನ್ಸಿಲ್ಲು. ಅವರು ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ, ರಾತ್ರಿ ಶಾಲೆಯಲ್ಲಿ. ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ ಓದುತ್ತಿದ್ದರು. ಅಕ್ಷರ ಬೆರಳಿನಡಿಯಿಂದ ಜಾರಿಹೋಗುತ್ತಿತ್ತು. ಎರಡು ಮಾತು ಬರೆದುಕೊಳ್ಳುವಷ್ಟರಲ್ಲಿ ಸಾಲು ಮುಗಿಯುತ್ತಿತ್ತು. ಪೆನ್ಸಿಲ್ಲನ್ನು ಮೇಲೆತ್ತಿ ಹಿಡಿದು, ಅದು ಮತ್ತೆ ಬರುವ ತನಕ ಕಾಯುತ್ತಿದ್ದರು. “ನಾನು ಓದಿ ಹೇಳ್ತೇನಪ್ಪಾ” ಎಂದಳು ಮಗಳು. ಅವರು ಒಪ್ಪಲಿಲ್ಲ. ನನ್ನ ಗುರುತು ಹಿಡಿದ ಹುಡುಗಿ ಎದ್ದು ನಿಂತಳು. ಅವರು ಕೇಳಿದರು: “ಬರ್ಕೊಳ್ಳೋವಷ್ಟು ಹೊತ್ತು ಇದು ನಿಲ್ಲೋದಿಲ್ವಾ ಸಾರ್?”

ಕೊನೆಯ ದಿನ ಯಾವುದೆಂದು ನಾನು ಬಾಯಲ್ಲಿ ಹೇಳಿದೆ. ಆದರೆ ಅವರು ಕೇಳಿದ್ದು ಅದನ್ನಲ್ಲ. ಮರುದಿನವೇ ಸಾಲನ್ನು ನಿಲ್ಲಿಸಿದೆವು. ಬಿಳಿಯ ಹಾಳೆಯ ಮೇಲೆ ಕರಿಯ ಅಕ್ಷರ, ಅಷ್ಟೆ. ಪುಟದ ಕಳೆ ಹೋಯಿತೆಂದು ಕೆಲವರು ಬೇಸರಪಟ್ಟರು.

ಅವರ ಪ್ರಶ್ನೆಯನ್ನು ಜಗತ್ತಿನ ತಜ್ಞರೂ ಕೇಳಿಕೊಂಡಿದ್ದರು. ಬ್ಲಿಂಕ್, ಮಾರ್ಕೀಗಳೆರಡನ್ನೂ ಕೈಬಿಡುವ ಮಾತುಕತೆ ಎರಡು ಸಂಸ್ಥೆಗಳ ನಡುವೆ 1996ರಲ್ಲಿಯೇ ನಡೆದಿತ್ತು. 1997ರ ಅಧಿಕೃತ ನಿಯಮಾವಳಿಯಲ್ಲಿ ಎರಡಕ್ಕೂ ಎಡೆ ದೊರೆಯಲಿಲ್ಲ. ಜಾಲದ ನಿಯಮಗಳನ್ನು ರೂಪಿಸುವ ಒಕ್ಕೂಟ 2008ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ಬೇರೆ ಬರಹದ ಜೊತೆಯಲ್ಲಿ ತಾನಾಗಿ ಚಲಿಸತೊಡಗಿ ಐದು ಸೆಕೆಂಡಿಗೂ ಮಿಗಿಲಾಗಿ ಚಲಿಸುವ ಬರಹವನ್ನು ತಡೆದು ನಿಲ್ಲಿಸುವ ಉಪಾಯ ಓದುಗನ ಕೈಯಲ್ಲಿರಬೇಕು. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವ ಬೆಳಕು ಅಪಸ್ಮಾರವಿರುವವರಿಗೆ ಅಪಾಯವೆಂದೂ ಎಚ್ಚರಿಸಿತು. 2013ರಲ್ಲಿ ಫೈರ್‌ಫಾಕ್ಸ್ ಬ್ಲಿಂಕನ್ನು ತೆಗೆದುಹಾಕಿತು. ಮಾರ್ಕೀ ಮಾತ್ರ ಸತ್ತೂ ಸಾಯದ ಜೀವ. ನಿಯಮ ಬೇಡವೆನ್ನುತ್ತದೆ, ಯಂತ್ರಗಳು ಓಡಿಸುತ್ತವೆ. ಕಚೇರಿಗಳ ಎಷ್ಟೋ ಪುಟಗಳಲ್ಲಿ ಇಂದಿಗೂ ಪ್ರಕಟಣೆಗಳು ಓಡುತ್ತಲೇ ಇವೆ.

ಕಾಯುವುದೆಂದರೇನೆಂದು ನಾನು ಕಲಿತದ್ದು 2018ರ ಆಗಸ್ಟಿನಲ್ಲಿ. ಮಳೆಗೆ ಕೊಡಗಿನ ಬೆಟ್ಟಗಳು ಕುಸಿಯುತ್ತಿದ್ದ ಆ ದಿನಗಳಲ್ಲಿ ನಾನು ಮೈಸೂರಿನ ಮಗಳ ಮನೆಯಲ್ಲಿದ್ದೆ. ಊರಿಗೆ ಫೋನು ಸಿಗುತ್ತಿರಲಿಲ್ಲ. ದೂರದರ್ಶನದ ತೆರೆಯ ಬುಡದಲ್ಲಿ ಸುದ್ದಿಯ ಸಾಲು ಓಡುತ್ತಿತ್ತು. ಮಕ್ಕಂದೂರು, ಜೋಡುಪಾಲ ಎಂಬ ಹೆಸರುಗಳು ಬಂದುಹೋದವು. ಅದರ ಹಿಂದೆಯೇ ನಮ್ಮ ಊರಿನ ಹೆಸರು ಬಂದಂತಾಯಿತು. ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಜಾರಿಹೋಯಿತು. ಬೇರೆ ಸುದ್ದಿಗಳೆಲ್ಲ ಸಾಗಿ ಅದು ಮತ್ತೆ ಬರುವ ತನಕ ನಾನೂ ಬೆರಳೆತ್ತಿ ಕುಳಿತೆ. ಹದಿನಾರು ವರ್ಷದ ಹಿಂದೆ ಪೆನ್ಸಿಲ್ಲನ್ನು ಮೇಲೆತ್ತಿ ಹಿಡಿದಿದ್ದ ಆ ಕೈ ನೆನಪಾಯಿತು. ಮತ್ತೆ ಬಂದಾಗ ಅದು ನಮ್ಮ ಊರಾಗಿರಲಿಲ್ಲ. ಯಾರದೋ ಊರಾಗಿತ್ತು.

ಓಡುವ ಅಕ್ಷರ ಕೆಟ್ಟದ್ದೆಂದು ನಾನು ಹೇಳಲಾರೆ. ದಸರೆಯ ಮಂಟಪದ ಮೇಲೆ ಅದು ಓಡಲಿ. ಅಲ್ಲಿ ಅದು ಹಬ್ಬ. ಬಸ್ಸಿನ ಹಣೆಯ ಮೇಲೂ ಓಡಲಿ. ಆದರೆ ಒಬ್ಬ ಮನುಷ್ಯ ಬರೆದುಕೊಳ್ಳಬೇಕಾದ ಮಾತು ಅವನಿಗಾಗಿ ನಿಲ್ಲಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ನಮ್ಮ ನಾಡಿನ ಹಾಡುಗಳನ್ನು ಕೇಳಿ ಕೇಳಿ, ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ದುಡಿಯ ಸದ್ದಿನೊಡನೆ ಬಾಯಿಂದ ಬಾಯಿಗೆ ಹರಿಯುತ್ತಿದ್ದುದನ್ನು ಅವರು ನಿಲ್ಲಿಸಿಟ್ಟದ್ದರಿಂದಲೇ ಇಂದು ನಾನು ನಿಧಾನವಾಗಿ, ನನಗೆ ಬೇಕಾದಷ್ಟು ಹೊತ್ತು ಅದನ್ನು ಓದಬಲ್ಲೆ. ರೇಡಿಯೋದಲ್ಲಿ ಆಡಿದ ಈ ನನ್ನ ಮಾತೂ ಹರಿದುಹೋಗುವಂಥದೇ. ಯಾರಿಗಾದರೂ ಇದರಲ್ಲೊಂದು ಮಾತನ್ನು ಬರೆದುಕೊಳ್ಳಬೇಕೆನ್ನಿಸಿ, ಅಷ್ಟರಲ್ಲಿ ನಾನು ಮುಂದೆ ಹೋಗಿಬಿಟ್ಟಿದ್ದರೆ, ಅವರ ಕ್ಷಮೆ ಕೋರುತ್ತೇನೆ.