ತೂಬು, ನೀರುಗಂಟಿ ಮತ್ತು ಗಣಕಯಂತ್ರದ ಸ್ಮೃತಿ

ಶಿವಮೊಗ್ಗೆಯ ಸೀಮೆಯಲ್ಲಿ ಕೆರೆಯ ನೀರನ್ನು ನಂಬಿ ಬೇಸಾಯ ಮಾಡಿದವರಿಗೆ ನೀರುಗಂಟಿಯ ಅಧಿಕಾರವು ಎಂಥದೆಂಬುದು ಸುವಿದಿತವೇ ಆಗಿದೆ. ತೂಬನ್ನು ತೆರೆಯುವವನೂ ಮುಚ್ಚುವವನೂ ಅವನೇ. ರೈತನು ಅದನ್ನು ಮುಟ್ಟುವಂತಿಲ್ಲ. ಹಾಗೆಂದು ನೀರುಗಂಟಿಯು ಗದ್ದೆಗದ್ದೆಗೂ ಕೊಡದಲ್ಲಿ ನೀರು ಹೊತ್ತು ಹಾಕುವವನೂ ಅಲ್ಲ. ಇಂಥವನಿಗೆ ಇಷ್ಟು ಎಂದು ಗೊತ್ತುಮಾಡಿ ಕಾಲುವೆಯನ್ನು ತಿರುಗಿಸಿದನೆಂದರೆ ನೀರು ತಾನಾಗಿಯೇ ಹರಿಯುವುದು. ಗಣಕಯಂತ್ರಗಳ ಆಡಳಿತವನ್ನು ನಡೆಸುವ ಕರ್ನೆಲ್ ಎಂಬ ತಂತ್ರದಲ್ಲಿ ಮೆಮೊರಿ ಮ್ಯಾಪಿಂಗ್ ಎನ್ನಿಸಿಕೊಳ್ಳುವ ಏರ್ಪಾಡೂ ಇದೇ ಬಗೆಯದು.

ಇಲ್ಲಿ ಕೆರೆಯೆಂದರೆ ಕ್ಯಾಮೆರಾ, ಪರದೆ ಮುಂತಾದ ಉಪಕರಣಗಳ ಸ್ಮೃತಿ; ರೈತನೆಂದರೆ ಅದನ್ನು ಬಳಸುವ ಪ್ರೋಗ್ರಾಮು; ನೀರುಗಂಟಿಯೆಂದರೆ ಡ್ರೈವರು. ಚಿತ್ರವೊಂದರ ಲಕ್ಷಾಂತರ ಬಿಂದುಗಳನ್ನು ಪ್ರತಿ ಸಲವೂ ನಕಲುಮಾಡಿ ಕೊಡುವುದು ಕೊಡದಲ್ಲಿ ನೀರು ಹೊತ್ತಂತೆ. ಅದಕ್ಕೆ ಬದಲಾಗಿ, ಉಪಕರಣದ ಸ್ಮೃತಿಯ ಪುಟಗಳನ್ನು ಪ್ರೋಗ್ರಾಮಿನ ವಿಳಾಸಪಟ್ಟಿಯಲ್ಲಿ ಒಂದು ಬಾರಿ ಬರೆದುಕೊಟ್ಟರೆ ಮುಂದೆ ಅದು ನೇರವಾಗಿ ಓದಿ ಬರೆಯಬಹುದು.

ಈ ವಿಚಾರದ ಬೇರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ. 1962ರ ಡಿಸೆಂಬರಿನಲ್ಲಿ ಅಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಯಂತ್ರವು, ಪ್ರೋಗ್ರಾಮು ಹೇಳುವ ವಿಳಾಸ ಬೇರೆ, ವಸ್ತುವಿರುವ ಸ್ಥಳ ಬೇರೆ ಎಂಬ ಭೇದವನ್ನು ಕಾರ್ಯಕ್ಕೆ ತಂದಿತು. 1970ರಲ್ಲಿ ಬಂದ ಪಿಡಿಪಿ-11 ಯಂತ್ರದಲ್ಲಿ ಉಪಕರಣಗಳಿಗೂ ಸ್ಮೃತಿಯ ವಿಳಾಸಗಳೇ ದೊರೆತವು; 64 ಕಿಲೋಬೈಟುಗಳ ವಿಳಾಸಸೀಮೆಯಲ್ಲಿ ಮೇಲಿನ 8 ಕಿಲೋಬೈಟುಗಳು ಅವಕ್ಕೆ ಮೀಸಲಾಗಿದ್ದವು. 1983ರ 4.2ಬಿಎಸ್‌ಡಿಯಲ್ಲಿ ಎಮ್‌ಮ್ಯಾಪ್ ಎಂಬ ಕರೆಯ ರೂಪವನ್ನು ಕಾಗದದ ಮೇಲೆ ಗೊತ್ತುಪಡಿಸಿದರು. ಅದು ಪೂರ್ಣವಾಗಿ ಕೈಗೂಡಿದ್ದು 1988ರ ಸನ್‌ಒಎಸ್ 4.0ರಲ್ಲಿ.

1991ರಲ್ಲಿ ಹುಟ್ಟಿದ ಲಿನಕ್ಸ್ ಕರ್ನೆಲ್ಲಿನಲ್ಲಿ ಡ್ರೈವರುಗಳು ಮೊದಲು ಉಪಕರಣದ ಸ್ಥಳವನ್ನು ಬೈಟುಗಳ ಲೆಕ್ಕದಲ್ಲಿ ಹೇಳುತ್ತಿದ್ದವು. 32 ಬಿಟ್ಟಿನ ಸಂಖ್ಯೆಯು 4 ಗಿಗಾಬೈಟಿಗೆ ಮುಗಿದುಹೋಗುವುದರಿಂದ, 2004ರ ಡಿಸೆಂಬರಿನ 2.6.10ನೆಯ ಆವೃತ್ತಿಯಲ್ಲಿ ಪುಟದ ಸಂಖ್ಯೆಯನ್ನೇ ಹೇಳುವ ಕ್ರಮವು ಬಂದಿತು. ಗುಂಟೆಗಳನ್ನು ಎಣಿಸುವುದನ್ನು ಬಿಟ್ಟು ಎಕರೆಗಳಲ್ಲಿ ಎಣಿಸಿದಂತಾಯಿತು.

ಆದರೆ ಅಳತೆಗಿಂತಲೂ ಗಹನವಾದದ್ದು ಮೇರೆಯ ಪ್ರಶ್ನೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಭದ್ರಾವತಿಯ ಕಡೆಗೆ ಹರಿಯುವ ನಾಲೆಯಲ್ಲಿ ಮೇಲಿನವನು ಮಿತಿಮೀರಿ ಎಳೆದುಕೊಂಡರೆ ಕೊನೆಯ ಗದ್ದೆಯವನಿಗೆ ಒಣನೆಲವೇ ಗತಿ. ಡ್ರೈವರು ಕೇಳಿದ ಉದ್ದವನ್ನು ಪರೀಕ್ಷಿಸದೆ ಒಪ್ಪಿದರೆ, ಪರರ ಗುಟ್ಟುಗಳೂ ಕರ್ನೆಲ್ಲಿನ ಅಧಿಕಾರವೂ ಅನ್ಯರ ಕೈಸೇರುವುವು. 2012ರ ಡಿಸೆಂಬರಿನಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಎಕ್ಸಿನೋಸ್ ಚಿಪ್ಪುಳ್ಳ ಕೆಲವು ಫೋನುಗಳಲ್ಲಿ ಇಂಥ ಲೋಪವೇ ಹೊರಬಿದ್ದಿತು. ಯಾವ ಸಾಮಾನ್ಯ ಪ್ರೋಗ್ರಾಮಾದರೂ ಫೋನಿನ ಸಮಸ್ತ ಸ್ಮೃತಿಯನ್ನೂ ಓದಿ ತಿದ್ದಬಹುದಾಗಿದ್ದಿತು.

ಎಲ್ಲ ನೀರುಗಂಟಿಗಳೂ ಲೆಕ್ಕದಲ್ಲಿ ನಿಪುಣರಾಗಿರುವರೆಂದು ನಂಬುವುದು ವಿವೇಕವಲ್ಲ. ಆದಕಾರಣ 2013ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಒಂದು ಸಹಾಯಕ ಕರೆಯನ್ನು ಸೇರಿಸಿದರು. ಡ್ರೈವರು ತನ್ನ ಸ್ಮೃತಿಯ ಆದಿಯನ್ನೂ ಉದ್ದವನ್ನೂ ಹೇಳಿದರೆ ಸಾಕು. ಮೇರೆಯ ಪರೀಕ್ಷೆಯನ್ನು ಕರ್ನೆಲ್ಲೇ ಮಾಡುವುದು. 2025ರ ಜುಲೈ ತಿಂಗಳಲ್ಲಿ ಬಂದ 6.16ನೆಯ ಆವೃತ್ತಿಯು ಮತ್ತೂ ಒಂದು ಹೆಜ್ಜೆ ಮುಂದಿಟ್ಟಿತು. ಹಿಂದೆ ಅರ್ಧ ಕಟ್ಟಿದ ಸ್ಮೃತಿಭಾಗವನ್ನೇ ಡ್ರೈವರಿನ ಕೈಗೆ ಕೊಡುತ್ತಿದ್ದರು. ಹೊಸ ಕ್ರಮದಲ್ಲಿ, ಕಟ್ಟುವುದಕ್ಕೆ ಮುಂಚೆಯೇ, ಬೇಕಾದುದನ್ನು ಅದು ಬರೆದು ಒಪ್ಪಿಸುವುದು, ಕಟ್ಟುವ ಕೆಲಸ ಕರ್ನೆಲ್ಲಿನದು.

ಹೀಗೆ ನೀರಿನ ಹರಿವನ್ನು ಕುಗ್ಗಿಸದೆ ಹಂಚುವವನ ಸ್ವಾತಂತ್ರ್ಯವನ್ನು ಮಿತಗೊಳಿಸುತ್ತ ಬಂದುದೇ ಈ ಇತಿಹಾಸದ ಸಾರ. ಶಿವಮೊಗ್ಗೆಯಲ್ಲಿ 1980ರಿಂದ ನಡೆದುಬಂದಿರುವ ನೆಹರೂ ತಾಂತ್ರಿಕ ಕಾಲೇಜಿನಂಥ ಶಾಲೆಗಳಲ್ಲಿ ಈ ವಿದ್ಯೆಯನ್ನು ಕಲಿಯುವ ತರುಣರು, ವೇಗವೊಂದನ್ನೇ ಗುಣವೆಂದೆಣಿಸದೆ, ಕಟ್ಟಕಡೆಯ ಗದ್ದೆಯವನನ್ನು ನೆನೆದು ತೂಬನ್ನು ಕಟ್ಟಬೇಕಾಗಿದೆ.