ಆಡದೆ ಬಿಟ್ಟ ಪಂದ್ಯ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ಪುಣೆಯಲ್ಲಿ ಕೂತು ಹದಿನೈದು ವರ್ಷದಿಂದ ಅಲ್ಲಿನ ಕ್ಲೈಂಟ್‌ಗಳ ಜೊತೆ ಸಂಜೆ ಹೊತ್ತು ಮಾತಾಡುತ್ತ ಈ ಆಟದ ರುಚಿ ನನಗೂ ಹತ್ತಿದೆ. ಡಿಸೆಂಬರ್ ಬಂತೆಂದರೆ ಮೀಟಿಂಗಿನ ಮೊದಲ ಐದು ನಿಮಿಷ ಒಂದೇ ದೂರು: ಈಗಿನ ಹುಡುಗರಿಗೆ ನಿಷ್ಠೆ ಇಲ್ಲ, ಬೌಲ್ ಪಂದ್ಯ ಆಡದೆಯೇ ಹೊರಟುಬಿಡುತ್ತಾರೆ. ಹಳೆಯ ಕಥೆಯನ್ನು ಸ್ವಲ್ಪ ಕೆದಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೌಲ್ ಬಿಟ್ಟವರ ಸಾಲಿನಲ್ಲಿ ಆಟಗಾರರು ಕಟ್ಟಕಡೆಗೆ ಬಂದವರು.

ಕಾಲೇಜು ತಂಡಗಳ ಋತು ಮುಗಿದ ಮೇಲೆ, ಡಿಸೆಂಬರ್ ಕೊನೆಗೆ ಅಥವಾ ಹೊಸ ವರ್ಷದ ಹೊತ್ತಿಗೆ, ಯಾವುದೋ ಊರು ಎರಡು ತಂಡಗಳನ್ನು ಕರೆಸಿ ಆಡಿಸುವ ಒಂಟಿ ಪಂದ್ಯವೇ ಬೌಲ್. ಮೊದಲನೆಯದು 1902ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆಯಿತು. ಚಳಿಗಾಲದಲ್ಲೂ ನಮ್ಮಲ್ಲಿ ಗುಲಾಬಿ ಅರಳುತ್ತದೆ, ಬನ್ನಿ ಎಂದು ಪೂರ್ವದ ಜನರನ್ನು ಸೆಳೆಯಲು ಶುರುವಾದ ಹೂವಿನ ಮೆರವಣಿಗೆಗೆ ಅದು ಬಾಲಂಗೋಚಿ. ಮಿಶಿಗನ್ 49, ಸ್ಟ್ಯಾನ್‌ಫರ್ಡ್ 0. ಸ್ಟ್ಯಾನ್‌ಫರ್ಡ್‌ನವರು ಸುಸ್ತಾಗಿ, ಸಮಯ ಮುಗಿಯುವ ಮುಂಚೆಯೇ ಸಾಕೆಂದು ಕೈಮುಗಿದರು. ಇಂಥ ನೀರಸ ಆಟ ಬೇಡವೆಂದು ಸಂಘಟಕರು ಫುಟ್‌ಬಾಲನ್ನೇ ಕೈಬಿಟ್ಟು ಕೆಲವು ವರ್ಷ ರೋಮನ್ ಶೈಲಿಯ ರಥದ ಓಟ ಇಟ್ಟರು! ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ಆರ್ಥಿಕ ಕುಸಿತದ ನಡುವೆ, 1935ರ ಹೊತ್ತಿಗೆ, ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, ಎಲ್ ಪಾಸೊದ ಸನ್ ಬೌಲ್ ಹುಟ್ಟಿದವು. ಹೋಟೆಲು ತುಂಬಬೇಕು, ಊರಿನ ಹೆಸರು ಪತ್ರಿಕೆಯಲ್ಲಿ ಬರಬೇಕು. ಉದ್ದೇಶ ಅಷ್ಟೇ.

ಈ ಪಂದ್ಯಗಳನ್ನು ಆಟದ ಯಜಮಾನರೇ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು? 1960ರ ದಶಕದ ನಡುವಿನವರೆಗೂ ಅಸೋಸಿಯೇಟೆಡ್ ಪ್ರೆಸ್ ತನ್ನ ಕೊನೆಯ ರ‍್ಯಾಂಕ್ ಪಟ್ಟಿಯನ್ನು ಬೌಲ್‌ಗಳಿಗೆ ಮುಂಚೆಯೇ ಪ್ರಕಟಿಸಿ, ದೇಶದ ಚಾಂಪಿಯನ್ ಯಾರೆಂದು ಸಾರಿಬಿಡುತ್ತಿತ್ತು. 2002ಕ್ಕೆ ಮೊದಲು ಬೌಲ್‌ನಲ್ಲಿ ಗಳಿಸಿದ ಅಂಕ, ಓಡಿದ ಗಜಗಳು ಆಟಗಾರನ ಅಧಿಕೃತ ಎನ್‌ಸಿಎಎ ದಾಖಲೆಗೆ ಸೇರುತ್ತಲೇ ಇರಲಿಲ್ಲ. ಲೆಕ್ಕಕ್ಕೆ ಬಾರದ ಆಟ ಎಂದು ನಿಯಮವೇ ಹೇಳುತ್ತಿತ್ತು.

ಹಾಗಾಗಿ ಮೊದಲು ಬೌಲ್ ಬಿಟ್ಟವು ವಿದ್ಯಾಸಂಸ್ಥೆಗಳೇ. ಮಿಶಿಗನ್, ಓಹಾಯೊ ಸ್ಟೇಟ್ ಮೊದಲಾದವುಗಳ ಬಿಗ್ ಟೆನ್ ಕೂಟ 1921ರ ನಂತರ ಇಪ್ಪತ್ತೈದು ವರ್ಷ ತನ್ನ ತಂಡಗಳನ್ನು ಬೌಲ್‌ಗೆ ಕಳಿಸಲಿಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯ 1925ರಲ್ಲಿ ರೋಸ್ ಬೌಲ್ ಆಡಿ ಗೆದ್ದ ಮೇಲೆ, ಓದಿಗೆ ತೊಂದರೆಯೆಂದು 1970ರ ಜನವರಿಯವರೆಗೆ ಯಾವ ಬೌಲನ್ನೂ ಆಡಲಿಲ್ಲ. ಸುಮಾರು ನಲವತ್ತೈದು ವರ್ಷ! ಅದನ್ನು ಯಾರೂ ದ್ರೋಹ ಎನ್ನಲಿಲ್ಲ, ಆದರ್ಶ ಎಂದರು.

ಆಮೇಲೆ ಬಿಟ್ಟವರು ಕೋಚ್‌ಗಳು. 2009ರಲ್ಲಿ ಸಿನ್ಸಿನಾಟಿ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದು ಶುಗರ್ ಬೌಲ್‌ಗೆ ತಯಾರಾಗುತ್ತಿದ್ದಾಗ ಅದರ ಕೋಚ್ ಬ್ರಯನ್ ಕೆಲ್ಲಿ ನೋಟರ್ ಡೇಮ್‌ನ ಕೆಲಸಕ್ಕೆ ಹೊರಟುಹೋದರು. ತಂಡ 51-24ರಿಂದ ಸೋತಿತು. 2021ರಲ್ಲಿ ಅದೇ ಕೆಲ್ಲಿ ಅದೇ ರೀತಿ ನೋಟರ್ ಡೇಮ್ ಬಿಟ್ಟು ಲೂಯಿಸಿಯಾನಾ ಸ್ಟೇಟ್‌ಗೆ ಹೋದರು. ಟೀಕೆ ಬಂತು ನಿಜ, ವಾರದಲ್ಲಿ ತಣ್ಣಗಾಯಿತು. ದೊಡ್ಡವರು ಕೆಲಸ ಬದಲಿಸಿದರೆ ಅದು ವೃತ್ತಿಜೀವನ.

ಆಟಗಾರನ ಸ್ಥಿತಿ ಬೇರೆ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ಎನ್‌ಎಫ್‌ಎಲ್ ಅವನನ್ನು ತೆಗೆದುಕೊಳ್ಳುವುದಿಲ್ಲ. ಆ ವರ್ಷಗಳಲ್ಲಿ ಅವನಿಗೆ ವಿದ್ಯಾರ್ಥಿವೇತನ, ಊಟ, ವಸತಿ. 2025ರವರೆಗೆ ಸಂಬಳವಿರಲಿಲ್ಲ. 1955ರಲ್ಲಿ ಕೊಲರಾಡೊದ ಕಾಲೇಜು ಆಟಗಾರನೊಬ್ಬ ಮೈದಾನದಲ್ಲಿ ಪೆಟ್ಟಾಗಿ ಸತ್ತ. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಾಗ, ಅವನು ಕಾಲೇಜಿನ ನೌಕರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು ಕೈತೊಳೆದುಕೊಂಡಿತು. ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಚಲಾವಣೆಗೆ ತಂದದ್ದು ಇಂಥ ಮೊಕದ್ದಮೆಗಳ ಕಾಲದಲ್ಲೇ.

2016ರ ಜನವರಿ 1ರ ಫಿಯೆಸ್ಟಾ ಬೌಲ್ ಈ ಕಥೆಯ ತಿರುವು. ನೋಟರ್ ಡೇಮ್ ಪರ ಜೇಲನ್ ಸ್ಮಿತ್, ಓಹಾಯೊ ಸ್ಟೇಟ್ ಪರ ಎಝೆಕಿಯಲ್ ಎಲಿಯಟ್. ಡ್ರಾಫ್ಟ್‌ನ ಮೊದಲ ಐದಾರು ಹೆಸರುಗಳಲ್ಲಿ ಇಬ್ಬರೂ ಇರುತ್ತಾರೆ ಎಂಬ ನಿರೀಕ್ಷೆಯಿತ್ತು. ಪಂದ್ಯದ ಮೊದಲ ಭಾಗದಲ್ಲೇ ಸ್ಮಿತ್‌ನ ಎಡ ಮಂಡಿಯ ಲಿಗಮೆಂಟುಗಳು ಹರಿದವು, ನರಕ್ಕೂ ಪೆಟ್ಟಾಯಿತು. ಎಲಿಯಟ್ ನಾಲ್ಕು ಟಚ್‌ಡೌನ್ ಗಳಿಸಿದ. ಏಪ್ರಿಲ್‌ನಲ್ಲಿ ಇಬ್ಬರನ್ನೂ ಆರಿಸಿಕೊಂಡದ್ದು ಒಂದೇ ತಂಡ, ಡಲ್ಲಾಸ್ ಕೌಬಾಯ್ಸ್. ಎಲಿಯಟ್ 4ನೆಯವನು, ನಾಲ್ಕು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್. ಸ್ಮಿತ್ 34ನೆಯವನು, ಸುಮಾರು 65 ಲಕ್ಷ. 2011ರ ಒಪ್ಪಂದದ ನಂತರ ಹೊಸಬರ ಸಂಬಳ ಆಯ್ಕೆಯ ಕ್ರಮಾಂಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಒಂದು ಮಂಡಿಯ ಬೆಲೆ ಹೀಗೆ ನಿಚ್ಚಳವಾಗಿ ಕಾಣಿಸಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಲೂಯಿಸಿಯಾನಾ ಸ್ಟೇಟ್‌ನ ಲಿಯೊನಾರ್ಡ್ ಫೋರ್ನೆಟ್, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಬೌಲ್ ಆಡುವುದಿಲ್ಲ ಎಂದರು. ಗುಲ್ಲೆದ್ದಿತು. ಸ್ವತಃ ಎಲಿಯಟ್ ಕೂಡ, ಗೆಳೆಯರೊಡನೆ ಇನ್ನೊಮ್ಮೆ ಆಡಲು ಸಿಕ್ಕರೆ ನಾನು ಏನು ಬೇಕಾದರೂ ಮಾಡಿಯೇನು ಎಂಬರ್ಥದಲ್ಲಿ ಬರೆದ. ಅದೇ ತಿಂಗಳು ಮಿಶಿಗನ್‌ನ ಜೇಕ್ ಬಟ್ ಬೌಲ್ ಆಡಿ ಮಂಡಿ ಮುರಿದುಕೊಂಡ. ಮರು ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಫೋರ್ನೆಟ್ 4, ಮೆಕ್ಯಾಫ್ರಿ 8, ಬಟ್ 145. ಇದಾದ ಮೇಲೆ ಯಾವ ತಂದೆತಾಯಿ ಮಗನಿಗೆ ಆಡು ಎಂದಾರು?

ಎಲಿಯಟ್‌ನ ಮಾತು ಸುಳ್ಳಲ್ಲ, ಅದು ನನ್ನನ್ನು ಕಾಡುತ್ತದೆ. ನಮ್ಮ ತಂಡದಲ್ಲೂ ಹೊಸ ಕಂಪನಿಯ ಆಫರ್ ಸಿಕ್ಕ ಹುಡುಗ ನೋಟಿಸ್ ಪೀರಿಯಡ್‌ನಲ್ಲಿ, ಭಾನುವಾರದ ರಿಲೀಸ್‌ಗೆ ಬರಲ್ಲ ಸಾರ್ ಎಂದರೆ ನನಗೆ ಸಿಟ್ಟು ಬರುತ್ತದೆ. ಅವನ ಪಾಲಿನ ಕೆಲಸ ರಾತ್ರಿಯಿಡೀ ಕೂತು ಮಾಡುವವರು ಅವನ ಗೆಳೆಯರೇ. ಆದರೆ ನಮ್ಮವನಿಗೆ ಆ ತಿಂಗಳ ಸಂಬಳವಿದೆ, ಕೀಬೋರ್ಡ್ ಕುಟ್ಟಿ ಯಾರ ಮಂಡಿಯೂ ಮುರಿದಿಲ್ಲ.

ಬಿಟ್ಟವರಿಂದ ಜಾಗ ಸಿಕ್ಕವರೂ ಇದ್ದಾರೆ. 2022ರ ರೋಸ್ ಬೌಲ್‌ನಲ್ಲಿ ಓಹಾಯೊ ಸ್ಟೇಟ್‌ನ ಕ್ರಿಸ್ ಒಲಾವೆ, ಗ್ಯಾರೆಟ್ ವಿಲ್ಸನ್ ಆಡಲಿಲ್ಲ. ಅವರಿಗಿಂತ ಕಿರಿಯನಾದ ಜಾಕ್ಸನ್ ಸ್ಮಿತ್-ಎಂಜಿಗ್ಬಾ ಚೆಂಡು ಹಿಡಿದು ಹಿಡಿದು 347 ಗಜ ಗಳಿಸಿ ದಾಖಲೆ ಬರೆದ. ಎಲ್ಲ ಕಡೆ ಹೀಗಾಗಲಿಲ್ಲ. 2023ರಲ್ಲಿ ಹದಿಮೂರೂ ಗೆದ್ದರೂ ಪ್ಲೇಆಫ್‌ಗೆ ಆಯ್ಕೆಯಾಗದ ಫ್ಲಾರಿಡಾ ಸ್ಟೇಟ್, ಇಪ್ಪತ್ತಕ್ಕೂ ಹೆಚ್ಚು ಆಟಗಾರರಿಲ್ಲದೆ ಆರೆಂಜ್ ಬೌಲ್‌ಗೆ ಇಳಿದು ಜಾರ್ಜಿಯಾ ಎದುರು 63-3ರಿಂದ ಸೋತಿತು. ಅದೇ ಆಟಗಾರರು ಪ್ಲೇಆಫ್ ಬಿಡುವುದು ಅಪರೂಪ. ಗೆದ್ದರೆ ಏನಾದರೂ ಸಿಗುವ ಪಂದ್ಯ ಯಾವುದೆಂದು ಅವರಿಗೆ ಗೊತ್ತು.

2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ದುಡ್ಡು ಕೊಟ್ಟ ಮೇಲೆ ಬೌಲ್ ಆಡಲೇಬೇಕೆಂದು ಕರಾರು ಹಾಕೋಣ ಎಂಬ ಮಾತು ಈಗ ಕೇಳುತ್ತಿದೆ. ಅದು ನ್ಯಾಯವೇ. ಕೂಲಿ ಕೊಟ್ಟವರು ಕೆಲಸ ಕೇಳಲಿ.

ಈ ನಡುವೆ 2025ರ ಡಿಸೆಂಬರ್‌ನಲ್ಲಿ ಪ್ಲೇಆಫ್‌ಗೆ ಆಯ್ಕೆಯಾಗದ ತಂಡವೊಂದು, ಈ ಸಲ ನಾವು ಯಾವ ಬೌಲನ್ನೂ ಆಡುವುದಿಲ್ಲ ಎಂದು ಪೂರ್ತಿಯಾಗಿ ಹಿಂದೆ ಸರಿಯಿತು. ಅದು ನೋಟರ್ ಡೇಮ್.