ಗ್ರಹಣದ ಗಾಜಿನ ಫಲಕಗಳು

ಸೂರ್ಯನ ಅಂಚನ್ನು ಸವರಿಕೊಂಡು ಬರುವ ನಕ್ಷತ್ರದ ಬೆಳಕು 1.75 ಕೋನಸೆಕೆಂಡಿನಷ್ಟು ಬಾಗುತ್ತದೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯ 3 ಕಿಲೋಮೀಟರ್ ಆಚೆಯಿಂದ ಕಾಣುವ ಅಗಲ ಹೆಚ್ಚುಕಡಿಮೆ ಇಷ್ಟೇ. ಸೂರ್ಯನ ಪಕ್ಕದ ನಕ್ಷತ್ರಗಳು ಖಗ್ರಾಸ ಗ್ರಹಣದ ಕೆಲವೇ ನಿಮಿಷ ಕಣ್ಣಿಗೆ ಬೀಳುವುದರಿಂದ, ಇದನ್ನು ಅಳೆಯಹೊರಟವರು ದೂರದರ್ಶಕ ಹೊತ್ತು ಗ್ರಹಣ ಕಾಣುವ ಊರುಗಳಿಗೆ ಅಲೆಯಬೇಕಾಯಿತು.

ಬೆಳಕು ಬಾಗೀತೆಂಬ ಊಹೆ ಹಳೆಯದು. ಜರ್ಮನಿಯ ಸೋಲ್ಡ್ನರ್ 1801ರಲ್ಲೇ ನ್ಯೂಟನ್ನನ ನಿಯಮದಿಂದ ಲೆಕ್ಕ ಹಾಕಿ ಸುಮಾರು 0.84 ಕೋನಸೆಕೆಂಡ್ ಎಂದಿದ್ದ. 1911ರಲ್ಲಿ ಐನ್‌ಸ್ಟೈನ್ ಬೇರೆ ದಾರಿಯಲ್ಲಿ ಹೋಗಿ ಹೆಚ್ಚುಕಡಿಮೆ ಅಲ್ಲಿಗೇ ಬಂದರು. ಗ್ರಹಣದಲ್ಲಿ ಅದನ್ನು ಅಳೆಯಹೊರಟವರಿಗೆ ಮಾತ್ರ ಅದೃಷ್ಟ ಕೂಡಿಬರಲಿಲ್ಲ: 1912ರಲ್ಲಿ ಬ್ರೆಜಿಲ್‌ನಲ್ಲಿ ಗ್ರಹಣದ ಹೊತ್ತಿಗೇ ಮಳೆ ಸುರಿಯಿತು. 1914ರ ಆಗಸ್ಟ್‌ನಲ್ಲಿ ಕ್ರಿಮಿಯಕ್ಕೆ ಹೋಗಿದ್ದ ಜರ್ಮನಿಯ ಫ್ರಾಯಿಂಡ್ಲಿಷ್ ಯುದ್ಧ ಶುರುವಾದ್ದರಿಂದ ರಷ್ಯನ್ನರ ಸೆರೆಯಾದರು. ಈ ಸೋಲುಗಳಿಂದ ಐನ್‌ಸ್ಟೈನ್‌ರಿಗೆ ಒಳಿತೇ ಆಯಿತೆನ್ನಬೇಕು. 1915ರಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಪೂರ್ಣಗೊಂಡಾಗ, ಸೂರ್ಯನ ಸುತ್ತ ಕಾಲ ನಿಧಾನವಾಗುವುದಷ್ಟೇ ಅಲ್ಲ, ದೇಶವೂ ಬಾಗಿದೆಯೆಂದು ಗೊತ್ತಾಗಿ ಉತ್ತರ ಇಮ್ಮಡಿಯಾಯಿತು.

1919ರ ಮೇ 29ರ ಗ್ರಹಣದಂದು ಸೂರ್ಯ ವೃಷಭ ರಾಶಿಯಲ್ಲಿ, ರೋಹಿಣಿಯ ನೆರೆಯ ಹಯಾಡೀಸ್ ಗುಚ್ಛದ ಮುಂದಿದ್ದ. ಆಫ್ರಿಕದ ಪಶ್ಚಿಮ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪದಲ್ಲಿ ಬ್ರಿಟನ್ನಿನ ಖಗೋಳಜ್ಞ ಎಡಿಂಗ್ಟನ್ ಮೋಡದ ಸಂದಿಯಲ್ಲಿ ಗಾಜಿನ ಫಲಕಗಳ ಮೇಲೆ 16 ಚಿತ್ರ ತೆಗೆದರು. ಪ್ರಯೋಜನಕ್ಕೆ ಬಂದದ್ದು ಎರಡು. ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಆಕಾಶ ತಿಳಿಯಾಗಿತ್ತು, ಆದರೆ ಬಿಸಿಲಿಗೆ ದೊಡ್ಡ ದೂರದರ್ಶಕದ ಕನ್ನಡಿ ಕಾದು ನಕ್ಷತ್ರಗಳು ಮಸುಕಾಗಿ ಮೂಡಿದವು. ಆ ಫಲಕಗಳ ಮೇಲೆ ಒಂದು ಕೋನಸೆಕೆಂಡ್ ಎಂದರೆ ಮಿಲಿಮೀಟರಿನ ಅರವತ್ತನೇ ಒಂದು ಭಾಗ! ಎರವಲು ತಂದಿದ್ದ 4 ಇಂಚಿನ ಮಸೂರ ಮಾನ ಉಳಿಸಿತು. ಅದರ ಏಳು ಫಲಕಗಳಲ್ಲಿ ಚುಕ್ಕೆಗಳು ಚೂಪಾಗಿದ್ದವು. ಸೊಬ್ರಾಲ್ ತಂಡದ ಕ್ರಾಮೆಲಿನ್ ಮತ್ತು ಡೇವಿಡ್‌ಸನ್ ಜುಲೈನಲ್ಲಿ, ಅದೇ ನಕ್ಷತ್ರಗಳು ಬೆಳಗಿನ ಜಾವ ಸೂರ್ಯನಿಲ್ಲದ ಆಕಾಶದಲ್ಲಿ ಕಂಡಾಗ, ಹೋಲಿಕೆಗೆಂದು ಮತ್ತೆ ಚಿತ್ರ ತೆಗೆದರು.

ನವೆಂಬರ್ 6ರಂದು ಲಂಡನ್ನಿನಲ್ಲಿ ಪ್ರಕಟವಾದ ಅಂಕಿಗಳು: ಸಣ್ಣ ಮಸೂರದ್ದು 1.98, ಪ್ರಿನ್ಸಿಪೆಯದ್ದು 1.61. ಮಸುಕು ಫಲಕಗಳು ಹೇಳಿದ 0.93ನ್ನು ಬದಿಗಿಟ್ಟದ್ದು ಪಕ್ಷಪಾತವೆಂಬ ಆಕ್ಷೇಪ ಮುಂದೆ ಬಹಳ ಕೇಳಿಬಂತು. ಆದರೆ ಅವೇ ಫಲಕಗಳನ್ನು 1979ರಲ್ಲಿ ಗ್ರೀನ್‌ವಿಚ್ ವೀಕ್ಷಣಾಲಯದವರು ಹೊಸ ಯಂತ್ರದಲ್ಲಿಟ್ಟು ಅಳೆದಾಗ ಸುಮಾರು 1.55 ಬಂತು. ಕೈಬಿಟ್ಟವರ ಕಣ್ಣಂದಾಜು ತಪ್ಪಿರಲಿಲ್ಲ.

ಸಂಶಯ ತಗ್ಗಿಸಿದ್ದು 1922ರ ಸೆಪ್ಟೆಂಬರ್ 21ರ ಗ್ರಹಣ. ಆಸ್ಟ್ರೇಲಿಯದ ವಾಲಾಲ್ ಕಡಲತೀರದಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಮತ್ತು ಟ್ರಂಪ್ಲರ್ ಪಡೆದ ಅಂಕಿ 1.72. ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿರುವ ಕೊಡೈಕೆನಾಲ್ ವೀಕ್ಷಣಾಲಯದಿಂದ ಜಾನ್ ಎವರ್ಶೆಡ್ ಕೂಡ ಅಲ್ಲಿಗೆ ಹೋಗಿದ್ದರು. ಉಪಕರಣ ಕೈಕೊಟ್ಟು ಬರಿಗೈಯಲ್ಲಿ ಮರಳಿದರು.

1969ರಿಂದ ರೇಡಿಯೊ ದೂರದರ್ಶಕಗಳು ಈ ಕೆಲಸಕ್ಕಿಳಿದವು. ಪ್ರತಿ ಅಕ್ಟೋಬರ್‌ನಲ್ಲಿ ಸೂರ್ಯ 3ಸಿ 279 ಎಂಬ ಕ್ವೇಸಾರನ್ನು (ರೇಡಿಯೊ ಅಲೆ ಸೂಸುವ ಬಹುದೂರದ ಕಾಯವನ್ನು) ಹಾದುಹೋಗುವಾಗ ಅದರ ರೇಡಿಯೊ ಅಲೆ ಎಷ್ಟು ಬಾಗುತ್ತದೆಂದು ಹಾಡಹಗಲೇ ಅಳೆಯಬಹುದಾಯಿತು. 1970ರ ದಶಕದ ನಡುವಿಗೆ ಇಂಥ ಅಳತೆಗಳ ತಪ್ಪು ಶೇಕಡಾ 1ಕ್ಕೆ ಇಳಿದಿತ್ತು, ಗ್ರಹಣಕ್ಕಾಗಿ ಕಾಯದೆಯೇ.